ಹಳೆ ವೆಬ್‌ಸೈಟನ್ನು ಹೊಸ ಸಿಎಂಎಸ್‌ಗೆ ಸಾಗಿಸುವ ಕ್ರಮ: ಕೊಂಡಿ ಕಡಿಯದಂತೆ, ಕನ್ನಡ ಕೆಡದಂತೆ

ಸಿಎಂಎಸ್ ಎಂದರೆ ಸೈಟಿನ ಪುಟಗಳನ್ನು ಬರೆದು, ಉಳಿಸಿ, ತೋರಿಸುವ ತಂತ್ರಾಂಶ. ಅಂಥದ್ದೊಂದಾದ ಜೂಮ್ಲಾ 3ರ ಬೆಂಬಲ 2023ರ ಆಗಸ್ಟ್‌ನಲ್ಲಿ ನಿಂತಿತು. ಇನ್ನೊಂದಾದ ಡ್ರುಪಲ್ 7ರದ್ದು 2025ರ ಜನವರಿ 5ಕ್ಕೆ ಮುಗಿಯಿತು. ಇಂಥ ಸೈಟುಗಳ ಅಡಿಯಲ್ಲಿ ಇನ್ನೂ ಕಾಣಸಿಗುವ ಪಿಎಚ್‌ಪಿ ಭಾಷೆಯ 7.4ನೇ ಆವೃತ್ತಿಗೆ 2022ರ ನವೆಂಬರ್‌ನಿಂದಲೇ ಭದ್ರತಾ ತಿದ್ದುಪಡಿ ಬರುತ್ತಿಲ್ಲ. ದಾವಣಗೆರೆಯ ಕಾಲೇಜಿನ ಸೈಟಿರಲಿ, ಎಪಿಎಂಸಿ ಯಾರ್ಡಿನ ಮೆಕ್ಕೆಜೋಳ ವರ್ತಕರದ್ದಿರಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನದ್ದಿರಲಿ, ಇವುಗಳ ಮೇಲೆ ನಿಂತಿದ್ದರೆ ಸಾಗಿಸುವ ಕೆಲಸವನ್ನು ಮುಂದೂಡಿದಷ್ಟೂ ಅಪಾಯ ಹೆಚ್ಚು.

ಹೊಸ ವಿನ್ಯಾಸ ಹಿಡಿಸದಿದ್ದರೆ ಮುಂದಿನ ತಿಂಗಳು ಬದಲಿಸಬಹುದು. ಬಣ್ಣ, ಮೆನು, ಮುಖಪುಟದ ಚಿತ್ರ ಯಾವುದೂ ಕೈಮೀರಿದ್ದಲ್ಲ. ಕೈಮೀರುವುದು ಎರಡೇ. ಒಂದು, ವರ್ಷಗಳಿಂದ ಜನ ಉಳಿಸಿಕೊಂಡ, ಹಂಚಿಕೊಂಡ ಪುಟಗಳ ವಿಳಾಸ. ಇನ್ನೊಂದು, ಡೇಟಾಬೇಸಿನೊಳಗಿನ ಕನ್ನಡ ಪಠ್ಯ. ಈ ಲೇಖನದ ಹೆಚ್ಚಿನ ಭಾಗ ಇವೆರಡರ ಸುತ್ತಲೇ ಇದೆ. ಯಾವ ಸಿಎಂಎಸ್ ಆರಿಸಬೇಕು ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ನಾಳೆ ಅದನ್ನು ನೋಡಿಕೊಳ್ಳಲು ಊರಿನಲ್ಲೇ ಗೊತ್ತಿರುವವರು ಸಿಗಬೇಕು, ಪಠ್ಯವನ್ನೆಲ್ಲ ಹೊರತೆಗೆಯುವ ದಾರಿ ಇರಬೇಕು. ಈ ಎರಡು ಇದ್ದರೆ ಸಾಕು. ಉದಾಹರಣೆಗಳನ್ನು ವರ್ಡ್‌ಪ್ರೆಸ್ ಎಂಬ ಸಿಎಂಎಸ್‌ಗೆ ಬರುವವರನ್ನು ನೆನೆದು ಕೊಟ್ಟಿದ್ದೇವೆ. ತತ್ವ ಎಲ್ಲದಕ್ಕೂ ಒಂದೇ.

ಕೀಲಿಕೈಗಳು ಯಾರ ಬಳಿ ಇವೆ

ಕೆಲಸ ಶುರು ಮಾಡುವ ಮೊದಲು ಐದು ಲಾಗಿನ್‌ಗಳು ಕೈಗೆ ಬರಬೇಕು: ಡೊಮೇನ್ ನೋಂದಣಿ, ಡಿಎನ್‌ಎಸ್ (ಡೊಮೇನಿನ ಹೆಸರನ್ನು ಸರ್ವರಿಗೆ ಜೋಡಿಸುವ ದಾಖಲೆಗಳು), ಹೋಸ್ಟಿಂಗ್ (ಸೈಟ್ ಇರುವ ಬಾಡಿಗೆ ಸರ್ವರ್), ಹಳೆ ಸಿಎಂಎಸ್‌ನ ಅಡ್ಮಿನ್, ಗೂಗಲ್ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಸೇವೆ). ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಡೊಮೇನು ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಇ-ಮೇಲ್‌ನಲ್ಲಿ ಇರುವುದುಂಟು. ಅವನು ಬೆಂಗಳೂರಿಗೆ ಹೋಗಿ ನಂಬರ್ ಬದಲಿಸಿದ್ದರೆ ನವೀಕರಣದ ನೋಟಿಸು ಯಾರಿಗೂ ತಲುಪುವುದಿಲ್ಲ. ಮೊದಲು ಅದನ್ನು ಸಂಸ್ಥೆಯ ಹೆಸರಿಗೂ ಸಂಸ್ಥೆಯ ಇ-ಮೇಲ್‌ಗೂ ಬದಲಿಸಿಕೊಳ್ಳಿ. ಆದರೆ ರಿಜಿಸ್ಟ್ರಾರ್, ಅಂದರೆ ಡೊಮೇನ್ ನೋಂದಾಯಿಸುವ ಕಂಪನಿ, ಬದಲಿಸುವ ಕೆಲಸವನ್ನು ಇದೇ ತಿಂಗಳು ಮಾಡಬೇಡಿ. ಡಾಟ್ ಕಾಮ್ ಡೊಮೇನನ್ನು ಒಮ್ಮೆ ಬೇರೆಡೆಗೆ ಒಯ್ದರೆ 60 ದಿನ ಮತ್ತೆ ಒಯ್ಯಲಾಗದು.

ಅದೇ ರೀತಿ, ಡೊಮೇನಿನ ಹೆಸರನ್ನೂ ಈಗ ಬದಲಿಸಬೇಡಿ. ದಾವಣಗೆರೆಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ನಡುವಿನ ‘ಎ’ ಇಟ್ಟೂ ಇಡದೆಯೂ ಬರೆಯುವ ರೂಢಿ ಇದೆ. ಸಾಗಣೆಯ ನೆಪದಲ್ಲಿ ‘ಸ್ಪೆಲಿಂಗೂ ಸರಿ ಮಾಡಿಬಿಡೋಣ’ ಎನ್ನುವವರು ಸಿಗುತ್ತಾರೆ. ಡೊಮೇನು, ಸಿಎಂಎಸ್ಸು, ವಿನ್ಯಾಸ ಮೂರನ್ನೂ ಒಟ್ಟಿಗೆ ಬದಲಿಸಿದ ಮೇಲೆ ಗೂಗಲ್‌ನಿಂದ ಬರುವವರ ಸಂಖ್ಯೆ ಬಿದ್ದರೆ ಯಾವುದರಿಂದ ಬಿತ್ತೆಂದು ಪತ್ತೆ ಹಚ್ಚಲಾಗುವುದಿಲ್ಲ. ಎರಡನೇ ಸ್ಪೆಲಿಂಗಿನ ಡೊಮೇನು ಖಾಲಿ ಇದ್ದರೆ ಕೊಂಡು, ಮೊದಲನೆಯದಕ್ಕೆ ತಿರುಗಿಸಿಡಿ, ಅಷ್ಟು ಸಾಕು.

ಪ್ರತಿ ವಿಳಾಸದ ಪಟ್ಟಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಹಳೆ ವಿಳಾಸ, ಪುಟದ ಶೀರ್ಷಿಕೆ, ಬಗೆ, ಎಷ್ಟು ಜನ ಬರುತ್ತಾರೆ, ಏನು ಮಾಡಬೇಕು, ಹೊಸ ವಿಳಾಸ ಎಂದು ಆರು ಕಾಲಂ ಇರಲಿ. ಇಡೀ ಕೆಲಸಕ್ಕೆ ಇದೇ ಆಧಾರ. ಇದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋದವರು ಕೊನೆಗೆ ಇಲ್ಲಿಗೇ ವಾಪಸ್ ಬರಬೇಕಾಗುತ್ತದೆ, ಅಷ್ಟರಲ್ಲಿ ಹಳೆ ಸೈಟ್ ಇರುವುದಿಲ್ಲ.

ಒಂದೇ ಮೂಲದಿಂದ ಪಟ್ಟಿ ಪೂರ್ತಿಯಾಗದು. ಸ್ಕ್ರೀಮಿಂಗ್ ಫ್ರಾಗ್‌ನಂಥ ಸಾಧನ ಕೊಂಡಿಯಿಂದ ಕೊಂಡಿಗೆ ಹೋಗಿ ವಿಳಾಸ ಹೆಕ್ಕುತ್ತದೆ. ಅದರ ಉಚಿತ ಆವೃತ್ತಿಯ ಮಿತಿ 500 ವಿಳಾಸ. ಮೆನುವಿನಿಂದ ಎಂದೋ ತೆಗೆದುಹಾಕಿದ, ಆದರೆ ಇನ್ನೂ ತೆರೆದುಕೊಳ್ಳುವ ಪುಟಗಳು ಅದಕ್ಕೆ ಸಿಗುವುದಿಲ್ಲ. ಅವು ಸಿಗುವುದು ಸರ್ಚ್ ಕನ್ಸೋಲ್‌ನಲ್ಲಿ ಮತ್ತು ಸರ್ವರಿನ ಲಾಗ್‌ನಲ್ಲಿ, ಅಂದರೆ ಯಾವ ವಿಳಾಸಕ್ಕೆ ಯಾವಾಗ ಕೋರಿಕೆ ಬಂತೆಂಬ ದಾಖಲೆಯಲ್ಲಿ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟುಕೊಂಡಿರುತ್ತದೆ, ಆದರೆ ಒಂದು ಸಲಕ್ಕೆ 1,000 ಸಾಲು ಮಾತ್ರ ಇಳಿಸಿಕೊಳ್ಳಬಹುದು. ದೊಡ್ಡ ಸೈಟಾದರೆ ವಿಭಾಗವಾರು ಸೋಸಿ ಇಳಿಸಿಕೊಳ್ಳಿ. ಹೋಸ್ಟಿಂಗ್ ಕಂಪನಿಗಳು ಲಾಗ್‌ಗಳನ್ನು ಬೇಗ ಅಳಿಸಿಹಾಕುತ್ತವೆ. ಹಾಗಾಗಿ ತೀರ್ಮಾನ ಮಾಡಿದ ದಿನದಿಂದಲೇ ಅವನ್ನು ಕೂಡಿಡುತ್ತ ಬನ್ನಿ.

ಪುಟಗಳನ್ನು ಎಲ್ಲರೂ ನೆನಪಿಡುತ್ತಾರೆ, ಪಿಡಿಎಫ್‌ಗಳನ್ನು ಮರೆಯುತ್ತಾರೆ. ಕಾಲೇಜಿನ ಸೈಟಿನಲ್ಲಿ ಹೆಚ್ಚು ಜನ ಬರುವುದೇ ಪ್ರಾಸ್ಪೆಕ್ಟಸ್, ಶುಲ್ಕದ ಪಟ್ಟಿ, ಹಳೆ ಪ್ರಶ್ನೆಪತ್ರಿಕೆಗಳ ಪಿಡಿಎಫ್‌ಗೆ. ಅವುಗಳ ಕೊಂಡಿ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಇನ್ನು ಮುದ್ರಣವಾದ ಕ್ಯೂಆರ್ ಕೋಡ್‌ಗಳು. ಅಂಗಡಿಯ ಕೈಚೀಲ, ಬಿಲ್ ಪುಸ್ತಕ, ಮೂಟೆಯ ಮೇಲಿನ ಲೇಬಲ್, ಗೇಟಿನ ಫಲಕ ಇವುಗಳ ಮೇಲೆ ಒಮ್ಮೆ ಅಚ್ಚಾದ ವಿಳಾಸವನ್ನು ಯಾರೂ ತಿದ್ದಲಾರರು. ಫೋನ್ ಹಿಡಿದು ಒಂದೊಂದನ್ನೂ ಸ್ಕ್ಯಾನ್ ಮಾಡಿ, ಅದು ಒಯ್ಯುವ ವಿಳಾಸವನ್ನು ಪಟ್ಟಿಗೆ ಸೇರಿಸಿ, ಆ ಸಾಲಿಗೆ ಕೆಂಪು ಬಣ್ಣ ಕೊಡಿ. ಕೆಂಪು ಸಾಲು ಯಾವ ಕಾರಣಕ್ಕೂ ಮುರಿಯಕೂಡದು.

ಪಟ್ಟಿ ಕೈಯಲ್ಲಿರುವಾಗಲೇ ಮಾಹಿತಿಯ ವಯಸ್ಸನ್ನೂ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅದರೊಳಗಿತ್ತು. 2018ರಲ್ಲಿ ಅದು ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನ್ಯಾಮತಿ ಬೇರೆ ತಾಲ್ಲೂಕಾಗಿದೆ. ಜಿಲ್ಲೆ, ತಾಲ್ಲೂಕುವಾರು ವರ್ಗಗಳಿರುವ ಸೈಟಿನಲ್ಲಿ ಇದನ್ನು ಈಗಲೇ ಸರಿಪಡಿಸಿ. ವರ್ಗದ ವಿಳಾಸ ಬದಲಾದರೆ ಅದೂ ಪಟ್ಟಿಗೆ ಬರಬೇಕು.

ಬ್ಯಾಕಪ್: ತೆಗೆದರೆ ಸಾಲದು, ತೆರೆದು ನೋಡಬೇಕು

ಕಡತಗಳು ಬೇರೆ, ಡೇಟಾಬೇಸ್ ಬೇರೆ. ಎರಡನ್ನೂ ತೆಗೆಯಿರಿ. ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ ಇರಲಿ. ಹೋಸ್ಟಿಂಗ್ ಖಾತೆಯೊಳಗೇ ಇಟ್ಟ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬ್ರೌಸರಿನಲ್ಲೇ ಡೇಟಾಬೇಸ್ ನಿರ್ವಹಿಸುವ ಪಿಎಚ್‌ಪಿಮೈಅಡ್ಮಿನ್ ಮೂಲಕ ದೊಡ್ಡ ಡೇಟಾಬೇಸ್ ಇಳಿಸುವಾಗ ಸಮಯದ ಮಿತಿ ಮೀರಿ ಕಡತ ಅರ್ಧಕ್ಕೇ ನಿಲ್ಲಬಹುದು. ನೋಡಲು ಕಡತ ಇರುತ್ತದೆ, ತೂಕವೂ ಇರುತ್ತದೆ, ಕೊನೆಯ ಕೋಷ್ಟಕಗಳೇ ಇರುವುದಿಲ್ಲ. ಸಾಧ್ಯವಿದ್ದರೆ ಕಮಾಂಡ್ ಲೈನಿನಲ್ಲಿ ಮೈಎಸ್‌ಕ್ಯೂಎಲ್‌ಡಂಪ್ ಬಳಸಿ. ಅದು ಡೇಟಾಬೇಸನ್ನು ಒಂದು ಕಡತವಾಗಿ (ಡಂಪ್) ಇಳಿಸುತ್ತದೆ. ಅದರ ಕಡತದ ಕಟ್ಟಕಡೆಯ ಸಾಲಿನಲ್ಲಿ ಡಂಪ್ ಪೂರ್ತಿಯಾಯಿತೆಂಬ ಟಿಪ್ಪಣಿ ದಿನಾಂಕದೊಂದಿಗೆ ಇರುತ್ತದೆ. ಆ ಸಾಲು ಇಲ್ಲದಿದ್ದರೆ ಮತ್ತೆ ತೆಗೆಯಿರಿ. ಆಮೇಲೆ ಅದನ್ನು ಬೇರೊಂದು ಖಾಲಿ ಡೇಟಾಬೇಸಿಗೆ ಏರಿಸಿ, ಲೇಖನಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ನೋಡಿ. ಏರಿಸಿ ನೋಡದ ಬ್ಯಾಕಪ್ಪನ್ನು ನಂಬಿ ಮುಂದಿನ ಹೆಜ್ಜೆ ಇಡಬೇಡಿ.

ಕನ್ನಡ ಪಠ್ಯದ ತಪಾಸಣೆ

ಇಂಗ್ಲಿಷ್ ಸೈಟುಗಳಿಗೆಂದು ಬರೆದ ಕೈಪಿಡಿಗಳಲ್ಲಿ ಈ ಭಾಗ ಇರುವುದೇ ಇಲ್ಲ. ನಮಗೆ ಇದೇ ಹೆಚ್ಚು ಸಮಯ ತಿನ್ನುತ್ತದೆ. ಹಳೆ ಕನ್ನಡ ಸೈಟುಗಳಲ್ಲಿ ಪಠ್ಯ ಮೂರು ಬಗೆಯಲ್ಲಿ ಕೆಟ್ಟಿರಬಹುದು. ಕೆಲವೊಮ್ಮೆ ಮೂರೂ ಒಂದೇ ಸೈಟಿನ ಬೇರೆ ಬೇರೆ ವರ್ಷಗಳ ಪುಟಗಳಲ್ಲಿ ಇರುತ್ತವೆ.

ಮೊದಲನೆಯದು ನುಡಿ, ಬರಹ ತಂತ್ರಾಂಶಗಳ ಹಳೆ ಫಾಂಟ್ ಪಠ್ಯ. ಪರದೆಯ ಮೇಲೆ ಕನ್ನಡ ಕಂಡರೂ ಡೇಟಾಬೇಸಿನೊಳಗೆ ಇರುವುದು ರೋಮನ್ ಅಕ್ಷರಗಳ ಸಾಲು. ‘ಕನ್ನಡ’ ಎಂಬ ಪದ ಅಲ್ಲಿ ದೊಡ್ಡ ‘ಪಿ’, ಪೌಂಡ್ ಹಣದ ಚಿಹ್ನೆ, ಸಣ್ಣ ‘ಕ್ಯೂ’ ಮತ್ತು ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ‘ಎ’ಗಳಾಗಿ ಕೂತಿರುತ್ತದೆ. ಫಾಂಟ್ ತೆಗೆದ ಕೂಡಲೇ ಬಣ್ಣ ಬಯಲು. ಇದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಲಿಪಿಗಳಿಗೂ ಒಂದೇ ಆದ ಸಂಕೇತ ಪದ್ಧತಿಗೆ, ಪರಿವರ್ತಿಸುವ ಸಾಧನಗಳು ಸಾಕಷ್ಟಿವೆ, ಆದರೆ ಇಡೀ ಡೇಟಾಬೇಸನ್ನು ಒಂದೇ ಏಟಿಗೆ ಅವುಗಳ ಬಾಯಿಗೆ ಕೊಡಬಾರದು. ಹಳೆ ಫಾಂಟಿನಲ್ಲಿ ಬರೆದ ಪುಟದೊಳಗೂ ಇಂಗ್ಲಿಷ್ ಪದ, ಇ-ಮೇಲ್ ವಿಳಾಸ, ಎಚ್‌ಟಿಎಂಎಲ್ ಟ್ಯಾಗ್ ಇರುತ್ತವೆ. ಪರಿವರ್ತಕಕ್ಕೆ ಅವೂ ನುಡಿಯ ಅಕ್ಷರಗಳೇ. ಅವನ್ನೂ ಅರ್ಥವಿಲ್ಲದ ಕನ್ನಡವಾಗಿಸಿ ಬಿಡುತ್ತದೆ. ಹಾಗಾಗಿ ನುಡಿ ಫಾಂಟಿನ ಹೆಸರು ಹೊತ್ತ ಟ್ಯಾಗಿನ ಒಳಗಿನ ಪಠ್ಯವನ್ನಷ್ಟೇ ಬೇರ್ಪಡಿಸಿ, ಅದನ್ನು ಮಾತ್ರ ಪರಿವರ್ತಿಸಿ, ಹಿಂದಕ್ಕೆ ಇಡಿ.

ಪರಿವರ್ತನೆಯಾದ ಮೇಲೆ ಮೊದಲು ನೋಡಬೇಕಾದ್ದು ಅರ್ಕಾವತ್ತು. ಹಳೆ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ‘ರ್’ ಮೊದಲು ಬರಬೇಕು. ಕಳಪೆ ಪರಿವರ್ತಕ ಈ ಜಾಗ ಬದಲಿಸದೆ ಬಿಟ್ಟರೆ ‘ಧರ್ಮ’, ‘ಕಾರ್ಯದರ್ಶಿ’, ‘ಚಿತ್ರದುರ್ಗ’ ಎಲ್ಲ ಎಡವುತ್ತವೆ. ಒತ್ತಕ್ಷರ, ದೀರ್ಘ, ಅಂಕಿಗಳನ್ನೂ ನೋಡಿ. ದರಪಟ್ಟಿ, ಫೋನ್ ನಂಬರ್, ದಿನಾಂಕಗಳನ್ನು ಯಾರಾದರೂ ಕಣ್ಣಾರೆ ಓದಲೇಬೇಕು. ಪದ ತಪ್ಪಿದರೆ ಓದುಗನಿಗೆ ತಿಳಿಯುತ್ತದೆ, ಅಂಕಿ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ವಿಧಾನದ ಗೊಂದಲ. ಪಠ್ಯ ಯೂನಿಕೋಡೇ, ಆದರೆ ಡೇಟಾಬೇಸ್ ಅದನ್ನು ರೋಮನ್ ಲಿಪಿಯ ಹಳೆ ಎನ್‌ಕೋಡಿಂಗ್ ಆದ ಲ್ಯಾಟಿನ್-1 ಎಂದು ತಿಳಿದಿದೆ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ 3 ಬೈಟ್. ಹೊಸ ಕಡೆ ಅವು ಮೂರು ಬೇರೆ ಬೇರೆ ಚಿಹ್ನೆಗಳಾಗಿ ಕಾಣುತ್ತವೆ: ಮೊದಲು ತಲೆಯ ಮೇಲೆ ಓರೆಗೆರೆಯ ಸಣ್ಣ ರೋಮನ್ ‘ಎ’, ನಂತರ ಮೇಲೆತ್ತಿ ಬರೆದ 2 ಅಥವಾ 3, ಆಮೇಲೆ ಇನ್ನೇನೋ. ಈ ಗುರುತು ಕಂಡರೆ ಪಠ್ಯ ಹಾಳಾಗಿಲ್ಲ, ತಪ್ಪಾಗಿ ಓದಲಾಗುತ್ತಿದೆ ಎಂದರ್ಥ. ಗಾಬರಿಯಾಗಿ ಕೈಯಿಂದ ತಿದ್ದಲು ಕೂರಬೇಡಿ.

ರೋಗ ಯಾವ ಹಂತದ್ದೆಂದು ತಿಳಿಯಲು ‘ಕ’ ಒಂದೇ ಅಕ್ಷರವಿರುವ ಒಂದು ಪರೀಕ್ಷಾ ಲೇಖನವನ್ನು ಹಳೆ ಸಿಎಂಎಸ್‌ನಲ್ಲಿ ಉಳಿಸಿ, ಡೇಟಾಬೇಸಿನಲ್ಲಿ ಅದರ ಬೈಟ್ ಉದ್ದ ಮತ್ತು ಅಕ್ಷರ ಉದ್ದ ಎರಡನ್ನೂ ಕೇಳಿ. ಬೈಟ್ 3, ಅಕ್ಷರ 1 ಬಂದರೆ ಆರೋಗ್ಯ. 3 ಮತ್ತು 3 ಬಂದರೆ ಬೈಟುಗಳು ಸರಿ ಇವೆ, ಹಣೆಪಟ್ಟಿ ತಪ್ಪಿದೆ. ಬೈಟ್ 7, ಅಕ್ಷರ 3 ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ. ಎರಡನೆಯ ಸ್ಥಿತಿಗೆ ಮದ್ದು ಹೀಗೆ: ಡಂಪ್ ತೆಗೆಯುವಾಗ ಅಕ್ಷರಗಣ ಲ್ಯಾಟಿನ್-1 ಎಂದೇ ಹೇಳಿ ಪರಿವರ್ತನೆ ನಡೆಯದಂತೆ ತಡೆಯಿರಿ, ಅಕ್ಷರಗಣ ನಿಗದಿ ಮಾಡುವ ಸಾಲು ಡಂಪಿನಲ್ಲಿ ಸೇರದಂತೆ ನೋಡಿಕೊಳ್ಳಿ, ಕೋಷ್ಟಕಗಳ ವಿವರಣೆಯಲ್ಲಿ ಲ್ಯಾಟಿನ್-1 ಇದ್ದ ಕಡೆ ಯುಟಿಎಫ್8ಎಂಬಿ4 ಎಂದು ಬದಲಿಸಿ, ಹೊಸ ಡೇಟಾಬೇಸಿಗೆ ಯುಟಿಎಫ್8ಎಂಬಿ4 ಎಂದು ಹೇಳಿ ಏರಿಸಿ. ಮೂರನೆಯ ಸ್ಥಿತಿಗೂ ಹೆಚ್ಚಾಗಿ ಇದೇ ದಾರಿ: ಲ್ಯಾಟಿನ್-1 ಎಂದು ಹೊರತೆಗೆದಾಗ ಒಂದು ಪದರ ಕಳಚುತ್ತದೆ. ಎರಡರಲ್ಲೂ ಪ್ರಯೋಗ ನಡೆಯಬೇಕಾದ್ದು ಬ್ಯಾಕಪ್ ಪ್ರತಿಯ ಮೇಲೆ ಮಾತ್ರ.

ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೆ ‘ಯುಟಿಎಫ್8’ ಬೇಡ, ‘ಯುಟಿಎಫ್8ಎಂಬಿ4’ ಬೇಕು ಎನ್ನಲೂ ಕಾರಣವಿದೆ. ಹಳೆಯದರ ಮಿತಿ ಅಕ್ಷರಕ್ಕೆ 3 ಬೈಟ್. ಕನ್ನಡ ಅದರಲ್ಲಿ ಹಿಡಿಸುತ್ತದೆ, 4 ಬೈಟಿನ ಎಮೋಜಿ ಹಿಡಿಸದು. ಕಟ್ಟುನಿಟ್ಟಿನ ವಿಧಾನದಲ್ಲಿ ಸರ್ವರ್ ತಪ್ಪು ತೋರಿಸಿ ನಿಲ್ಲುತ್ತದೆ. ಸಡಿಲ ವಿಧಾನದಲ್ಲಿ ಎಮೋಜಿ ಬಂದ ಜಾಗದಿಂದ ಮುಂದಿನ ಪಠ್ಯವನ್ನೆಲ್ಲ ಕತ್ತರಿಸಿ ಉಳಿಸುತ್ತದೆ. ಒಂದು ಲೇಖನ ಕಾರಣವಿಲ್ಲದೆ ನಡುವೆ ನಿಂತಿದ್ದರೆ ಮೊದಲು ಇದನ್ನು ಅನುಮಾನಿಸಿ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. ಸಾಗಿಸುವಾಗ ಪಠ್ಯವನ್ನು ‘ಶುಚಿ’ ಮಾಡುವ ಸ್ಕ್ರಿಪ್ಟುಗಳು ಅಗಲವಿಲ್ಲದ ಜೋಡಕ (ಝಡ್‌ಡಬ್ಲ್ಯೂಜೆ), ಬೇರ್ಪಡಕಗಳನ್ನು (ಝಡ್‌ಡಬ್ಲ್ಯೂಎನ್‌ಜೆ) ಕಸವೆಂದು ತೆಗೆದುಹಾಕುತ್ತವೆ. ಕನ್ನಡಕ್ಕೆ ಅವು ಕಸವಲ್ಲ. ‘ರ‍್ಯಾಂಕ್’ ಪದದ ‘ರ’ ಮುಂದೆ ಒಂದು ಜೋಡಕ ಇದೆ. ಅದು ಹೋದರೆ ‘ರ್ಯಾಂಕ್’ ಆಗಿ, ‘ಯಾ’ ನಂತರ ಅರ್ಕಾವತ್ತು ಕೂರುತ್ತದೆ. ‘ವೆಬ್‌ಸೈಟ್’ನ ಬೇರ್ಪಡಕ ಹೋದರೆ ‘ವೆಬ್ಸೈಟ್’. ಕಾಲೇಜಿನ ರ‍್ಯಾಂಕ್ ವಿಜೇತರ ಪುಟವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಇದರ ಜೊತೆಗೆ ‘ೀ’, ‘ೇ’, ‘ೈ’, ‘ೊ’, ‘ೋ’ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೂಪಕ್ಕೆ, ತಂದುಬಿಡಿ. ಇದರಿಂದ ಜೋಡಕಗಳಿಗೆ ಧಕ್ಕೆಯಿಲ್ಲ.

ಫಾಂಟಿನ ಬಗ್ಗೆ ಎರಡೇ ಮಾತು. ಹೊಸ ಥೀಮಿನಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ಇಡಿ, ಇಲ್ಲವಾದರೆ ಕನ್ನಡದ ಗುಣಿತಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಹೊಸ ವಿಳಾಸಗಳ ಉದ್ದ

ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದ ತಾನೇ ವಿಳಾಸ ಮಾಡಿಕೊಳ್ಳುತ್ತದೆ. ಅದಕ್ಕಿರುವ ಜಾಗ 200 ಸ್ಥಾನ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಅದರಲ್ಲಿ 1 ಖರ್ಚು. ಕನ್ನಡದ್ದು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಉಳಿಯುವುದರಿಂದ ಒಂದೊಂದಕ್ಕೆ 9. ಇಲ್ಲಿ ಕಾಗುಣಿತದ ಚಿಹ್ನೆಯೂ ಒಂದು ಅಕ್ಷರ. ‘ದಾವಣಗೆರೆ’ ಎಂದರೆ 8, ‘ಬೆಣ್ಣೆ’ 6, ‘ದೋಸೆ’ 4. ನಡುವಿನ ಎರಡು ಅಡ್ಡಗೆರೆ ಸೇರಿ 164 ಮುಗಿಯಿತು. ‘ದಾವಣಗೆರೆ ಬೆಣ್ಣೆ ದೋಸೆ ಮಾಡುವ ವಿಧಾನ’ ಎಂಬ ಶೀರ್ಷಿಕೆಯ ವಿಳಾಸ ‘ಮಾಡ’ ಎಂಬಲ್ಲಿಗೆ ನಿಂತುಹೋಗುತ್ತದೆ. ಒಂದೇ ರೀತಿ ಶುರುವಾಗುವ ಹತ್ತು ಶೀರ್ಷಿಕೆಗಳಿದ್ದರೆ ಎಲ್ಲದರ ವಿಳಾಸವೂ ಒಂದೇ ಆಗಿ, ಕೊನೆಗೆ 2, 3 ಎಂಬ ಬಾಲ ಅಂಟಿಕೊಳ್ಳುತ್ತದೆ. ಸಾವಿರ ಲೇಖನಗಳನ್ನು ಒಟ್ಟಿಗೆ ಆಮದು ಮಾಡಿದಾಗ ಯಾವ ಬಾಲ ಯಾವುದರದ್ದೆಂದು ಹುಡುಕುವುದು ಯಮಯಾತನೆ.

ಆದ್ದರಿಂದ ಆಮದಿಗೆ ಮೊದಲೇ ಸ್ಪ್ರೆಡ್‌ಶೀಟಿನಲ್ಲಿ ಹೊಸ ವಿಳಾಸವನ್ನು ನೀವೇ ಬರೆಯಿರಿ. ಹಳೆ ವಿಳಾಸ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬದಲಾಗದ ವಿಳಾಸಕ್ಕೆ ದಾರಿ ತಿರುಗಿಸುವ ಕೆಲಸವೇ ಇಲ್ಲ. ಹೊಸದಾಗಿ ಕೊಡುವುದಾದರೆ ಎರಡು ಪದದ ಕನ್ನಡವೋ ಚಿಕ್ಕ ರೋಮನ್ ಪದವೋ ಸಾಕು.

ಪರೀಕ್ಷಾ ಸೈಟಿನಲ್ಲಿ ಕಟ್ಟುವುದು

ಹೊಸ ಸಿಎಂಎಸ್ಸನ್ನು ಉಪಡೊಮೇನಿನಲ್ಲಿ ಕಟ್ಟಿ, ಸರ್ವರ್ ಮಟ್ಟದ ಪಾಸ್‌ವರ್ಡ್ ಹಾಕಿ. ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಕಡತದಲ್ಲಿ ‘ಬರಬೇಡಿ’ ಎಂದು ಬರೆದರೆ ಸಾಲದು. ಬೇರೆಡೆಯಿಂದ ಕೊಂಡಿ ಸಿಕ್ಕರೆ ಆ ವಿಳಾಸ ಗೂಗಲ್‌ನಲ್ಲಿ ಕಾಣಿಸಿಕೊಳ್ಳಬಹುದು.

ವರ್ಡ್‌ಪ್ರೆಸ್‌ನ ರಫ್ತು ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಆಮದು ಮಾಡುವಾಗ ಅದು ಹಳೆ ಸೈಟಿಗೆ ಹೋಗಿ ಒಂದೊಂದೇ ಚಿತ್ರ ಎತ್ತಿಕೊಂಡು ಬರುತ್ತದೆ. ಅಲ್ಲಿಯವರೆಗೆ ಹಳೆ ಸೈಟ್ ಜೀವಂತವಾಗಿರಬೇಕು. ನಡುವೆ ನಿಂತರೆ ಮತ್ತೆ ಓಡಿಸಿ. ಬಂದಿರುವುದನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಹಳೆ ಸೈಟು ವಿಂಡೋಸ್ ಸರ್ವರಿನಲ್ಲಿದ್ದು ಹೊಸದು ಲಿನಕ್ಸ್ ಆದರೆ ಇನ್ನೊಂದು ತೊಂದರೆ. ಲಿನಕ್ಸ್‌ಗೆ ಕಡತದ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಕ್ಯಾಮೆರಾದಿಂದ ಬಂದ ದೊಡ್ಡಕ್ಷರದ ‘ಜೆಪಿಜಿ’ ಬಾಲದ ಚಿತ್ರಗಳೆಲ್ಲ ಒಮ್ಮೆಲೇ ಕಾಣೆಯಾದರೆ ಇದೇ ಕಾರಣ. ಕಡತಗಳಿಗೆ 644, ಫೋಲ್ಡರುಗಳಿಗೆ 755 ಅನುಮತಿ ಸಾಕು. ಯಾರು ಬೇಕಾದರೂ ತಿದ್ದಬಹುದಾದ 777 ಅನುಮತಿ ಕೊಡಿ ಎಂದು ಯಾರಾದರೂ ಹೇಳಿದರೆ ಕೊಡಬೇಡಿ.

ಪರೀಕ್ಷಾ ವಿಳಾಸವನ್ನು ನಿಜ ವಿಳಾಸಕ್ಕೆ ಬದಲಿಸುವಾಗ ಡೇಟಾಬೇಸಿನಲ್ಲಿ ನೇರವಾಗಿ ‘ಹುಡುಕಿ ಬದಲಿಸು’ ಮಾಡಬಾರದು. ವರ್ಡ್‌ಪ್ರೆಸ್ ತನ್ನ ಕೆಲವು ಸೆಟ್ಟಿಂಗುಗಳನ್ನು ಉದ್ದದ ಸಂಖ್ಯೆಯ ಜೊತೆಗೇ ಕಟ್ಟಿ ಇಡುತ್ತದೆ. ಎಚ್‌ಟಿಟಿಪಿ ಇದ್ದದ್ದು ಎಚ್‌ಟಿಟಿಪಿಎಸ್ ಆದರೆ ಒಂದು ಬೈಟ್ ಹೆಚ್ಚಾಯಿತು, ಸಂಖ್ಯೆ ಹಳೆಯದೇ ಉಳಿಯಿತು. ಲೆಕ್ಕ ತಾಳೆಯಾಗದೆ ಆ ಇಡೀ ಸೆಟ್ಟಿಂಗ್ ಓದಲು ಬಾರದಂತಾಗುತ್ತದೆ. ವಿಜೆಟ್‌ಗಳು, ಥೀಮಿನ ಆಯ್ಕೆಗಳು ಖಾಲಿಯಾಗುವುದು ಹೀಗೆ. ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆದೇಶ ಈ ಲೆಕ್ಕವನ್ನೂ ಸರಿಪಡಿಸುತ್ತದೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷಾ ಓಟ) ಮಾಡಿ ಎಷ್ಟು ಕಡೆ ಬದಲಾಗುತ್ತದೆ ನೋಡಿ, ಆಮೇಲೆ ನಿಜವಾಗಿ ಓಡಿಸಿ.

ಬಳಕೆದಾರರ ಪಾಸ್‌ವರ್ಡುಗಳು ಒಂದು ಸಿಎಂಎಸ್‌ನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಎಲ್ಲರೂ ಹೊಸದು ಇಟ್ಟುಕೊಳ್ಳಬೇಕೆಂದು ಮೊದಲೇ ತಿಳಿಸಿ. ಸಂಪರ್ಕ ಫಾರ್ಮ್ ತುಂಬಿ, ಇ-ಮೇಲ್ ನಿಜಕ್ಕೂ ಬಂತೇ ನೋಡಿ. ಆನ್‌ಲೈನ್ ಶುಲ್ಕ ಕಟ್ಟುವ ವ್ಯವಸ್ಥೆ ಇದ್ದರೆ ಪಾವತಿ ಕಂಪನಿಯ ಬಳಿ ನೋಂದಾಯಿಸಿದ ಮರಳುವ ವಿಳಾಸವನ್ನೂ ಬದಲಿಸಬೇಕು. ಇಲ್ಲವಾದರೆ ವಿದ್ಯಾರ್ಥಿಯ ಖಾತೆಯಿಂದ ಹಣ ಹೋಗುತ್ತದೆ, ರಸೀದಿ ಹುಟ್ಟುವುದಿಲ್ಲ.

ದಾರಿ ತಿರುಗಿಸುವುದು

ಬದಲಾದ ಪ್ರತಿ ವಿಳಾಸಕ್ಕೂ 301 ರೀಡೈರೆಕ್ಟ್ (ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎನ್ನುವ ಸರ್ವರಿನ ಉತ್ತರ) ಬೇಕು: ಹಳೆ ಪುಟದಿಂದ ಅದೇ ವಿಷಯದ ಹೊಸ ಪುಟಕ್ಕೆ, ಒಂದಕ್ಕೆ ಒಂದರಂತೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸುಲಭವೆನಿಸುತ್ತದೆ, ಹಾಗೆ ಮಾಡಬೇಡಿ. 2019ರ ಪ್ರಶ್ನೆಪತ್ರಿಕೆ ಹುಡುಕಿ ಬಂದವನಿಗೆ ಮುಖಪುಟ ತೋರಿಸಿದರೆ ಅವನು ಹಿಂದಕ್ಕೆ ಹೋಗುತ್ತಾನೆ, ಗೂಗಲ್ ಕೂಡ ಅದನ್ನು ಇಲ್ಲದ ಪುಟವೆಂದೇ ಎಣಿಸುತ್ತದೆ. ನಿಜವಾಗಿ ತೆಗೆದುಹಾಕಿದ ಪುಟಕ್ಕೆ 410, ಅಂದರೆ ‘ತೆಗೆಯಲಾಗಿದೆ’ ಎಂಬ ಉತ್ತರ ಕೊಡಿ.

ಪರೀಕ್ಷಿಸುವಾಗ ತಾತ್ಕಾಲಿಕ ರೀಡೈರೆಕ್ಟ್ ಆದ 302 ಇಡಿ, ಎಲ್ಲ ಸರಿಯಾದ ಮೇಲೆ 301ಕ್ಕೆ ಬದಲಿಸಿ. ಬ್ರೌಸರುಗಳು 301ನ್ನು ನೆನಪಿಟ್ಟುಕೊಳ್ಳುತ್ತವೆ. ತಪ್ಪು ದಾರಿ ಒಮ್ಮೆ ನೆನಪಾಗಿ ಕೂತರೆ ನೀವು ಸರ್ವರಿನಲ್ಲಿ ತಿದ್ದಿದ ಮೇಲೂ ಅದೇ ಕಂಪ್ಯೂಟರಿನಲ್ಲಿ ಹಳೆ ತಪ್ಪೇ ಕಾಣುತ್ತದೆ.

ಜೂಮ್ಲಾದ ಹಳೆ ವಿಳಾಸಗಳಲ್ಲಿ ಪ್ರಶ್ನೆ ಚಿಹ್ನೆಯ ನಂತರ ಲೇಖನದ ಸಂಖ್ಯೆ ಇರುತ್ತದೆ. ಅಪಾಚೆ ವೆಬ್ ಸರ್ವರಿನ ಸಾದಾ ರೀಡೈರೆಕ್ಟ್ ನಿಯಮ ಪ್ರಶ್ನೆ ಚಿಹ್ನೆಯ ಆಚೆಗೆ ನೋಡುವುದೇ ಇಲ್ಲ. ರೀರೈಟ್ ನಿಯಮ ಬರೆದು, ಕ್ವೆರಿ ಸ್ಟ್ರಿಂಗ್ (ಪ್ರಶ್ನೆ ಚಿಹ್ನೆಯ ಆಚೆಗಿನ ಭಾಗ) ಮೇಲೆ ಷರತ್ತು ಹಾಕಬೇಕು. ನಿರ್ದಿಷ್ಟ ಪುಟದ ನಿಯಮ ಮೇಲೆ, ಇಡೀ ವಿಭಾಗದ ನಿಯಮ ಕೆಳಗೆ ಇರಲಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ವಿಳಾಸಕ್ಕೆ, ಅಲ್ಲಿಂದ ಹೊಸ ಪುಟಕ್ಕೆ ಎಂದು ಮೂರು ನೆಗೆತ ಆಗದೆ ಒಂದೇ ನೆಗೆತಕ್ಕೆ ತಲುಪಬೇಕು.

ಬದಲಿಸುವ ದಿನ

ಶುಕ್ರವಾರ ಸಂಜೆ ಬೇಡ. ಪ್ರವೇಶಾತಿ, ಫಲಿತಾಂಶದ ವಾರ ಬೇಡ. ವರ್ತಕರ ಸೈಟಾದರೆ ಮೆಕ್ಕೆಜೋಳ ಯಾರ್ಡಿಗೆ ತುಂಬಿ ಬರುವ ದಿನಗಳು ಬೇಡ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಂತೂ ಅಂಗಡಿ ಮಾಲೀಕರು ಫೋನಿಗೇ ಸಿಗುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಶುರು ಮಾಡಿದರೆ ತಪ್ಪು ಕಂಡಾಗ ಹೋಸ್ಟಿಂಗ್ ಕಂಪನಿಯವರೂ ಸಿಗುತ್ತಾರೆ, ತಿದ್ದಲು ಮೂರು ದಿನವೂ ಇರುತ್ತದೆ.

1. ಎರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ಲನ್ನು (ಹಳೆ ದಾಖಲೆಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಅದು 86,400 ಇದ್ದರೆ ಬದಲಾವಣೆ ಎಲ್ಲರಿಗೂ ತಲುಪಲು ಒಂದಿಡೀ ದಿನ ಬೇಕಾಗುತ್ತದೆ, ಹಿಂದಿರುಗಲೂ ಅಷ್ಟೇ.

2. ಹಳೆ ಸೈಟಿನಲ್ಲಿ ಹೊಸದೇನನ್ನೂ ಬರೆಯದಂತೆ ಎಲ್ಲರಿಗೂ ಹೇಳಿ, ಕೊನೆಯ ಬ್ಯಾಕಪ್ ತೆಗೆಯಿರಿ. ಮೊದಲ ಆಮದಿನ ನಂತರ ಸೇರಿದ ಲೇಖನಗಳನ್ನು ಹೊಸ ಕಡೆಗೆ ತನ್ನಿ.

3. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಡೊಮೇನಿಗೆ ಹೊಸ ಐಪಿ ಬರೆದು, ಜಗತ್ತಿಗೆ ಕಾಣುವ ಮೊದಲು ನಿಜ ವಿಳಾಸದಲ್ಲೇ ಸೈಟನ್ನು ಒಮ್ಮೆ ಓಡಾಡಿಸಿ. ಮುಗಿದ ಮೇಲೆ ಆ ಸಾಲನ್ನು ಅಳಿಸಿ.

4. ಎಚ್‌ಟಿಟಿಪಿಎಸ್‌ಗೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರ ಮೊದಲೇ ಸಿದ್ಧವಿರಲಿ. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸಾಮಾನ್ಯ ವಿಧಾನದಲ್ಲಿ ಡೊಮೇನು ಹೊಸ ಸರ್ವರಿಗೆ ತಿರುಗಿದ ನಂತರವೇ ಕೊಡುತ್ತದೆ. ಡಿಎನ್‌ಎಸ್ ದಾಖಲೆಯ ಮೂಲಕ ದೃಢೀಕರಿಸಿದರೆ ಮುಂಚಿತವಾಗಿ ಪಡೆಯಬಹುದು.

5. ಡಿಎನ್‌ಎಸ್‌ನಲ್ಲಿ ಸರ್ವರಿನ ಐಪಿ ಹೇಳುವ ‘ಎ’ ದಾಖಲೆಯನ್ನು ಮಾತ್ರ ಬದಲಿಸಿ. ಹೊಸ ಬಗೆಯ ಐಪಿವಿ6 ವಿಳಾಸ ಹೇಳುವ ‘ಎಎಎಎ’ ದಾಖಲೆ ಇದ್ದರೆ ಅದನ್ನೂ. ಅದನ್ನು ಮರೆತರೆ ಐಪಿವಿ6 ಬಳಸುವ ಮೊಬೈಲುಗಳು ಹಳೆ ಸೈಟಿಗೇ ಹೋಗುತ್ತಿರುತ್ತವೆ. ನಿಮಗೆ ಹೊಸದು, ಗ್ರಾಹಕರಿಗೆ ಹಳೆಯದು ಕಾಣುತ್ತದೆ.

6. ಸರ್ಚ್ ಎಂಜಿನ್‌ಗಳು ಬರದಂತೆ ತಡೆಯುವ ಗುರುತನ್ನು ವರ್ಡ್‌ಪ್ರೆಸ್‌ನ ಓದುವಿಕೆ ಸೆಟ್ಟಿಂಗಿನಲ್ಲಿ ತೆಗೆಯಿರಿ. ಸರ್ವರ್ ಪಾಸ್‌ವರ್ಡನ್ನೂ ತೆಗೆಯಿರಿ. ಗುರುತು ಹಾಗೇ ಉಳಿದರೆ ಸೈಟ್ ನೋಡಲು ಚೆನ್ನಾಗಿಯೇ ಇರುತ್ತದೆ, ವಾರಗಳಲ್ಲಿ ಗೂಗಲ್‌ನಿಂದ ಮಾಯವಾಗುತ್ತದೆ.

7. ಪಟ್ಟಿಯ ಹಳೆ ವಿಳಾಸಗಳನ್ನೆಲ್ಲ ಒಂದೇ ಸಲ ಸ್ಕ್ರೀಮಿಂಗ್ ಫ್ರಾಗ್‌ನಂಥ ಸಾಧನಕ್ಕೆ ಕೊಟ್ಟು, ಪ್ರತಿಯೊಂದೂ 200 (ಪುಟ ಸರಿಯಾಗಿ ತೆರೆಯಿತು) ಅಥವಾ ಒಂದೇ 301ರ ನಂತರ 200, ತೆಗೆದುಹಾಕಿದ ಪುಟವಾದರೆ 410 ಕೊಡುತ್ತದೆಯೇ ನೋಡಿ. ಕೆಂಪು ಸಾಲಿನ ಕ್ಯೂಆರ್‌ಗಳನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿ.

ಐದನೇ ಹೆಜ್ಜೆಯಲ್ಲಿ ‘ಎ’ ದಾಖಲೆ ಮಾತ್ರ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇ-ಮೇಲ್. ಹೊಸ ಹೋಸ್ಟಿಂಗ್ ಕಂಪನಿ ಡಿಎನ್‌ಎಸ್ ದಾಖಲೆಗಳೆಲ್ಲ ಇರುವ ನೇಮ್‌ಸರ್ವರನ್ನೇ ಬದಲಿಸಲು ಹೇಳಬಹುದು. ಹಾಗೆ ಮಾಡಿದ ಗಳಿಗೆಯಿಂದ ಹಳೆ ಡಿಎನ್‌ಎಸ್‌ನಲ್ಲಿದ್ದ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ಎಂಬ ಇ-ಮೇಲ್ ದಾಖಲೆಗಳಿಗೆ ಬೆಲೆಯಿಲ್ಲ. ಸೈಟ್ ಮಿರಮಿರನೆ ತೆರೆದುಕೊಳ್ಳುತ್ತದೆ, ಕಚೇರಿಗೆ ಮೇಲ್ ಬರುವುದು ನಿಲ್ಲುತ್ತದೆ. ಮೇಲ್ ಬರಲಿಲ್ಲ ಎಂದು ತಿಳಿಯುವುದು ಯಾರಾದರೂ ಫೋನ್ ಮಾಡಿ ಕೇಳಿದಾಗ. ನೇಮ್‌ಸರ್ವರ್ ಬದಲಿಸಲೇಬೇಕಾದರೆ ಹಳೆ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದು, ಎಲ್ಲವನ್ನೂ ಹೊಸ ಕಡೆ ಮೊದಲು ಬರೆದು, ಆಮೇಲೆ ಬದಲಿಸಿ.

ಹಿಂದಿರುಗುವ ತೀರ್ಮಾನವನ್ನೂ ಮೊದಲೇ ಮಾಡಿಟ್ಟುಕೊಳ್ಳಿ: ಏನು ಕೆಟ್ಟರೆ ಹಳೆಯದಕ್ಕೆ ವಾಪಸ್, ಎಷ್ಟು ಗಂಟೆಯೊಳಗೆ, ಯಾರು ಹೇಳಬೇಕು. ಮೊದಲ ಕೆಲವು ಗಂಟೆಗಳಲ್ಲಿ ವಾಪಸ್ ಹೋಗುವುದು ಸುಲಭ. ಹೊಸ ಸೈಟಿನಲ್ಲಿ ಆರ್ಡರ್, ಅರ್ಜಿಗಳು ಸೇರತೊಡಗಿದ ಮೇಲೆ ವಾಪಸ್ ಹೋದರೆ ಅವು ಅಲ್ಲೇ ಉಳಿಯುತ್ತವೆ.

ಆಮೇಲಿನ ತಿಂಗಳುಗಳು

ಹೊಸ ಸೈಟ್‌ಮ್ಯಾಪನ್ನು (ಸೈಟಿನ ಪುಟಗಳ ಪಟ್ಟಿ) ಸರ್ಚ್ ಕನ್ಸೋಲ್‌ಗೆ ಕೊಡಿ. ಮೊದಲ ವಾರ ದಿನವೂ, ನಂತರ ವಾರಕ್ಕೊಮ್ಮೆ 404ಗಳ, ಅಂದರೆ ‘ಪುಟ ಸಿಗಲಿಲ್ಲ’ ಎಂದ ವಿಳಾಸಗಳ ಪಟ್ಟಿ ನೋಡಿ, ಬಿಟ್ಟುಹೋದ ವಿಳಾಸಗಳಿಗೆ ರೀಡೈರೆಕ್ಟ್ ಸೇರಿಸಿ. ಗೂಗಲ್‌ನಿಂದ ಬರುವವರು ಕೆಲವು ವಾರ ಏರಿಳಿಯುವುದು ಸಹಜ. ಒಂದೇ ವಿಭಾಗಕ್ಕೆ ಬರುವವರು ಪೂರ್ತಿ ನಿಂತಿದ್ದರೆ ಅದು ಏರಿಳಿತವಲ್ಲ, ಆ ವಿಭಾಗದ ನಿಯಮ ಕೆಲಸ ಮಾಡುತ್ತಿಲ್ಲ. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆನ್ನುವುದು ಗೂಗಲ್‌ನ ಸಲಹೆ. ಅಚ್ಚಾದ ಕ್ಯೂಆರ್‌ಗಳದ್ದನ್ನು ಎಂದೂ ತೆಗೆಯಬೇಡಿ.

ಹಳೆ ಸಿಎಂಎಸ್ಸನ್ನು ತೆರೆದಿಟ್ಟು ಮರೆಯಬಾರದು. ತಿದ್ದುಪಡಿ ಬಾರದ ತಂತ್ರಾಂಶ ಉಪಡೊಮೇನಿನಲ್ಲಿ ಓಡುತ್ತಿದ್ದರೆ ಕಳ್ಳದಾರಿ ಅದೇ. ಪಾಸ್‌ವರ್ಡಿನ ಹಿಂದೆ ಇಡಿ, ಒಂದೆರಡು ತಿಂಗಳು ಹೋಲಿಸಿ ನೋಡಲು ಬಳಸಿ, ಆಮೇಲೆ ತೆಗೆಯಿರಿ. ಹಳೆ ಹೋಸ್ಟಿಂಗ್ ಖಾತೆ ರದ್ದು ಮಾಡುವ ಮುನ್ನ ಅದರ ಕಂಟ್ರೋಲ್ ಪ್ಯಾನೆಲ್ಲಿನ ಮೇಲ್ ವಿಭಾಗ ತೆರೆಯಿರಿ. ಪ್ರಾಂಶುಪಾಲರ, ಲೆಕ್ಕಪತ್ರ ವಿಭಾಗದ ಮೇಲ್ ಪೆಟ್ಟಿಗೆಗಳು ಇನ್ನೂ ಅಲ್ಲೇ ಇದ್ದರೆ ಖಾತೆಯ ಜೊತೆ ಅವೂ ಅಳಿಯುತ್ತವೆ. ಅವನ್ನು ಐಮ್ಯಾಪ್ (ಸರ್ವರಿನಲ್ಲಿರುವ ಮೇಲ್ ತೆರೆಯುವ ವಿಧಾನ) ಮೂಲಕ ಹೊಸ ಕಡೆಗೆ ನಕಲಿಸಿ, ಎರಡೂ ಕಡೆಯ ಪತ್ರಗಳ ಸಂಖ್ಯೆ ತಾಳೆ ನೋಡಿದ ಮೇಲೆ ರದ್ದತಿಯ ಗುಂಡಿ ಒತ್ತಿ.